ಮಧ್ಯಯುಗದ ಯೂರೋಪಿನ ಚರ್ಚು: ಕಲ್ಲಿನ ಸೂರು ಹೊತ್ತ ಬಗೆ

ಉದ್ದನೆಯ ಪಡಸಾಲೆ, ಎರಡೂ ಬದಿಗೆ ಕಂಬಸಾಲು, ಮೇಲೆ ತೊಲೆ-ಜಂತೆಗಳ ಸೂರು. ರೋಮನ್ನರ ಸಭಾಭವನದ ನಕ್ಷೆಯಿಂದ ಬೆಳೆದ ಆರಂಭದ ಚರ್ಚುಗಳಿಗೆ ಬೆಂಕಿಯ ಭಯ ತಪ್ಪಿದ್ದಲ್ಲ. ಮೇಣದಬತ್ತಿ ಉರುಳಿದರೂ ಸಾಕು, ಸಿಡಿಲು ಬಡಿದರೂ ಸಾಕು, ತಲೆಮಾರುಗಳ ದುಡಿಮೆ ಬೂದಿಯಾಗುತ್ತಿತ್ತು.

ಅದಕ್ಕೇ ಹನ್ನೊಂದನೆಯ ಶತಮಾನದಲ್ಲಿ ಸೂರನ್ನೂ ಕಲ್ಲಿನಿಂದಲೇ ಕಟ್ಟುವ ಹಟ ಬಲವಾಯಿತು. ಆದರೆ ಕಲ್ಲಿನ ಕಮಾನು ಕೆಳಕ್ಕೆ ಮಾತ್ರ ಒತ್ತುವುದಿಲ್ಲ, ಗೋಡೆಗಳನ್ನು ಹೊರಕ್ಕೂ ತಳ್ಳುತ್ತದೆ. ಗೋಡೆ ದಪ್ಪಗಾಯಿತು, ಕಿಟಕಿ ಕಿರಿದಾಯಿತು, ಒಳಗೆ ಕತ್ತಲೆ ಕವಿಯಿತು. ಜರ್ಮನಿಯ ಸ್ಪೈಯರ್ ಕ್ಯಾಥೆಡ್ರಲ್ ಈ ರೋಮನೆಸ್ಕ್ ಶೈಲಿಯ ಗಂಭೀರ ಮಾದರಿ. ಫ್ರಾನ್ಸಿನಲ್ಲಿ 1088ರಲ್ಲಿ ಶುರುವಾದ ಕ್ಲೂನಿಯ ಮಹಾಚರ್ಚಿನ ಕಮಾನುಗಳಲ್ಲಿ ಒಂದು ಭಾಗ 1125ರಲ್ಲಿ ಕುಸಿದೇ ಹೋಯಿತು.

ದಾರಿ ತೆರೆದದ್ದು ಮೂರು ಉಪಾಯಗಳು ಕೂಡಿದಾಗ. ಚೂಪು ತುದಿಯ ಕಮಾನಿನಲ್ಲಿ ಹೊರನೂಕು ಕಡಿಮೆ. ಇಂಗ್ಲೆಂಡಿನ ಡರಂನಲ್ಲಿ 1093ರಿಂದ ಕಟ್ಟಿದ ಚರ್ಚಿನಲ್ಲಿ ಕಾಣುವ ಪಕ್ಕೆಲುಬಿನಂಥ ಕಲ್ಲಿನ ಪಟ್ಟಿಗಳು ಛಾವಣಿಯ ಭಾರವನ್ನು ಕಂಬಗಳತ್ತ ಒಯ್ಯುತ್ತವೆ. ಮೂರನೆಯದು ಹೊರಗಿನಿಂದ ತೋಳು ಚಾಚಿ ಗೋಡೆಗೆ ಆನಿಕೆ ಕೊಡುವ ಅರೆಗಮಾನು. ಭಾರ ಹೊರುವ ಕೆಲಸದಿಂದ ಬಿಡುಗಡೆಯಾದ ಗೋಡೆಯ ಜಾಗಕ್ಕೆ ಬಣ್ಣದ ಗಾಜು ಬಂತು. ಪ್ಯಾರಿಸ್ ಬಳಿಯ ಸೇಂಟ್ ಡೆನಿಸ್‌ನಲ್ಲಿ ಮಠಾಧಿಪತಿ ಸುಗೇರ್ 1144ರಲ್ಲಿ ಪ್ರತಿಷ್ಠಾಪಿಸಿದ ಬಲಿಪೀಠದ ಭಾಗದಿಂದಲೇ ಗಾಥಿಕ್ ಶೈಲಿಯ ಚರಿತ್ರೆಯನ್ನು ಎಣಿಸುವುದು ರೂಢಿ. ಬೆಳಕು ಮನಸ್ಸನ್ನು ದೇವರತ್ತ ಏರಿಸುತ್ತದೆಂದು ಸುಗೇರ್ ಮನಸಾರೆ ನಂಬಿದ್ದ. 1194ರ ಬೆಂಕಿಯ ನಂತರ ಮತ್ತೆ ಎದ್ದ ಶಾರ್ತ್ರ್ ಚರ್ಚಿನ ನೀಲಿ ಗಾಜಿನ ಮುಂದೆ ಆ ನಂಬಿಕೆ ಕಣ್ಣಿಗೇ ಕಾಣುತ್ತದೆ. ಅಲ್ಲಿನ ಕಿಟಕಿಗಳಲ್ಲಿ ಸಂತರ ಪಾದದಡಿ ರೊಟ್ಟಿ ಸುಡುವವರು, ಚಪ್ಪಲಿ ಹೊಲಿಯುವವರೂ ಇದ್ದಾರೆ.

ಕಟ್ಟಿದವರ ಹೆಸರು ಉಳಿದಿರುವುದು ಅಪರೂಪ. ಇಂಗ್ಲೆಂಡಿನ ಕ್ಯಾಂಟರ್ಬರಿ ಚರ್ಚಿನ ವಿಷಯ ಬೇರೆ. 1174ರಲ್ಲಿ ಅಲ್ಲಿನ ಬಲಿಪೀಠದ ಭಾಗ ಸುಟ್ಟಾಗ ಫ್ರಾನ್ಸಿನಿಂದ ಬಂದ ಮೇಸ್ತ್ರಿ ಸೆನ್ಸ್ ಊರಿನ ವಿಲಿಯಂ. 1178ರಲ್ಲಿ ದೊಡ್ಡ ಕಮಾನು ಕೂರಿಸುವ ಸಿದ್ಧತೆಯಲ್ಲಿದ್ದಾಗ ಕಾಲಡಿಯ ಸಾರುವೆ ಮುರಿದು, ಸುಮಾರು 50 ಅಡಿ ಎತ್ತರದಿಂದ ಕಲ್ಲು-ಮರಗಳ ಜೊತೆಗೇ ಬಿದ್ದ. ಹಾಸಿಗೆ ಹಿಡಿದರೂ ಮಲಗಿದಲ್ಲಿಂದಲೇ ಕೆಲಸ ಹೇಳುತ್ತಿದ್ದ. ಕೊನೆಗೆ ಆಗದೆ ಊರಿಗೆ ಮರಳಿದ. ಇದನ್ನೆಲ್ಲ ಬರೆದಿಟ್ಟವನು ಕ್ಯಾಂಟರ್ಬರಿಯ ಮಠದ ಸನ್ಯಾಸಿ ಗರ್ವಾಸ್. ಮುಗಿಲು ಮುಟ್ಟುವ ಕಮಾನುಗಳನ್ನು ನೋಡುವಾಗ ನೆನೆಯಬೇಕಾದದ್ದು ಇಂಥ ಜೀವಗಳನ್ನೇ.

ಎತ್ತರದ ಹಂಬಲ ಊರಿಂದೂರಿಗೆ ಹಬ್ಬಿತು. ಶಾರ್ತ್ರ್‌ನಲ್ಲಿ ಸುಮಾರು 37 ಮೀಟರ್, ಅಮಿಯೆನ್ಸ್‌ನಲ್ಲಿ 42, ಬೋವೆಯಲ್ಲಿ 48. ಹದಿನೈದು ಅಂತಸ್ತಿನ ಕಟ್ಟಡ ಒಳಗೆ ನಿಲ್ಲುವಷ್ಟು! 1272ರಲ್ಲಿ ಮುಗಿದ ಬೋವೆಯ ಛಾವಣಿ ಹನ್ನೆರಡು ವರ್ಷ ತಡೆದು, 1284ರಲ್ಲಿ ಕುಸಿಯಿತು. ಕಾರಣದ ಬಗ್ಗೆ ವಿದ್ವಾಂಸರಲ್ಲಿ ಇಂದಿಗೂ ಒಮ್ಮತವಿಲ್ಲ. ಕಂಬಗಳ ನಡುವೆ ಇನ್ನಷ್ಟು ಕಂಬ ನಿಲ್ಲಿಸಿ ಮತ್ತೆ ಕಟ್ಟಿದರು. ಹದಿನಾರನೆಯ ಶತಮಾನದಲ್ಲಿ ಅದರ ಮೇಲೆ 150 ಮೀಟರಿಗೂ ಎತ್ತರದ ಗೋಪುರವನ್ನೇರಿಸಿದರು. ಪಶ್ಚಿಮದ ಕಡೆ ಆನಿಕೆಯಾಗಬೇಕಿದ್ದ ಪಡಸಾಲೆ ಇನ್ನೂ ಎದ್ದಿರಲಿಲ್ಲ. 1573ರಲ್ಲಿ, ಯೇಸುವಿನ ಸ್ವರ್ಗಾರೋಹಣದ ಹಬ್ಬದ ದಿನವೇ, ಗೋಪುರ ಉರುಳಿತು.

ಆ ಪಡಸಾಲೆಯನ್ನು ಕೊನೆಗೂ ಕಟ್ಟಲಾಗಲಿಲ್ಲ. ಅದಕ್ಕೆಂದು ಕೆಡವಬೇಕಿದ್ದ ಹತ್ತನೆಯ ಶತಮಾನದ ಪುಟ್ಟ ಚರ್ಚು, ಮರದ ಸೂರು ಹೊತ್ತು, ಇಂದಿಗೂ ಆ ದೈತ್ಯ ಗೋಡೆಯ ಪಕ್ಕದಲ್ಲೇ ನಿಂತಿದೆ.