ಹಾಡೋಕೆ ಒಂದು ಜಾಗ ಬೇಕಿತ್ತು..

ಆಫೀಸ್ ಕೆಲಸದ ಮೇಲೆ ಪ್ರಾಗ್‌ಗೆ ಬಂದು ಎರಡು ತಿಂಗಳಾಯ್ತು. ಬ್ಲಾಗ್ ಕಡೆ ತಲೆ ಹಾಕಿರಲಿಲ್ಲ, ಬೈಕೋಬೇಡಿ. ಇಲ್ಲಿ ವೀಕೆಂಡ್ ಬಂದರೆ ಸಂಗೀತ ಕೇಳೋ ಚಟ ಹತ್ತಿದೆ. ಈಗೀಗ ಸಂಗೀತಕ್ಕಿಂತ ಅದು ನಡೆಯೋ ಜಾಗಗಳ ಕಥೆಯೇ ತಲೆ ಕೊರೀತಾ ಇದೆ.

ಮೊದಲು ಹೋಗಿದ್ದು ವ್ಲ್ತಾವಾ ನದಿ ದಂಡೆಯ ರುಡಾಲ್ಫಿನಮ್‌ಗೆ. 1885ರಲ್ಲಿ ಒಂದು ಉಳಿತಾಯ ಬ್ಯಾಂಕ್ ಕಟ್ಟಿಸಿದ ಭವನ. 1896ರ ಜನವರಿ 4ರಂದು ಚೆಕ್ ಫಿಲ್ಹಾರ್ಮೋನಿಕ್‌ನ ಮೊಟ್ಟಮೊದಲ ಕಛೇರಿ ನಡೆದದ್ದು ಇಲ್ಲೇ, ನಿರ್ದೇಶಿಸಿದ್ದು ಸ್ವತಃ ದ್ವೊರ್ಜಾಕ್. ಆದರೆ 1918ರಲ್ಲಿ ಚೆಕೊಸ್ಲೊವಾಕಿಯಾ ಸ್ವತಂತ್ರವಾದ ಮೇಲೆ ಪಾರ್ಲಿಮೆಂಟಿಗೆ ಜಾಗ ಬೇಕಾಯ್ತು ನೋಡಿ, ಸಂಗೀತವನ್ನು ಹೊರಗೆ ಕಳಿಸಿ ಎಂಪಿಗಳನ್ನು ಕೂರಿಸಿದರು! ಸುಮಾರು ಇಪ್ಪತ್ತು ವರ್ಷ ಹಾಗೇ ಇತ್ತು. ಅದನ್ನು ಮತ್ತೆ ಸಂಗೀತದ ಮನೆ ಮಾಡಿದ್ದು, ವಿಪರ್ಯಾಸ ಅಂದರೆ, ನಾಜಿಗಳು. ಯಿರ್ಜಿ ವೈಲ್ ಅನ್ನೋ ಲೇಖಕರ ಕಾದಂಬರಿಯಲ್ಲಿ ಒಂದು ಪ್ರಸಂಗ ಇದೆ. ಛಾವಣಿ ಮೇಲಿನ ಸಂಗೀತಗಾರರ ಪ್ರತಿಮೆಗಳಲ್ಲಿ ಯಹೂದಿ ಮೆಂಡೆಲ್‌ಸನ್‌ದನ್ನು ಕೆಡವಿ ಅಂತ ಆರ್ಡರ್ ಬರುತ್ತೆ. ಯಾವುದು ಅಂತ ಗೊತ್ತಾಗದೆ ಕೆಲಸದವರು ಮೂಗಿನ ಅಳತೆ ನೋಡಿ ದೊಡ್ಡ ಮೂಗಿನವನಿಗೆ ಹಗ್ಗ ಹಾಕ್ತಾರೆ. ನೋಡಿದರೆ ಅದು ಹಿಟ್ಲರನ ಅಚ್ಚುಮೆಚ್ಚಿನ ವಾಗ್ನರ್!

ಸರಿ, ದೊಡ್ಡ ಹಾಲ್‌ಗಳ ಕಥೆ ಹಾಗಿರಲಿ. ನನ್ನನ್ನು ನಿಜಕ್ಕೂ ಹಿಡಿದದ್ದು ಯಾವ ಹಾಲೂ ಸಿಗದವರ ಕಥೆ.

1968ರ ಆಗಸ್ಟ್‌ನಲ್ಲಿ ಸೋವಿಯತ್ ಟ್ಯಾಂಕುಗಳು ಪ್ರಾಗ್‌ಗೆ ನುಗ್ಗಿದವಲ್ಲ, ಅದಾದ ಕೆಲವೇ ವಾರಕ್ಕೆ ಹುಟ್ಟಿದ ರಾಕ್ ಬ್ಯಾಂಡ್ 'ಪ್ಲಾಸ್ಟಿಕ್ ಪೀಪಲ್ ಆಫ್ ದ ಯೂನಿವರ್ಸ್'. ಆಗ ದುಡ್ಡಿಗೆ ಹಾಡಬೇಕಂದರೆ ಸರ್ಕಾರದ ಲೈಸೆನ್ಸ್ ಬೇಕಿತ್ತು. 1970ರಲ್ಲಿ ಇವರದ್ದನ್ನು ಕಿತ್ತುಕೊಂಡರು. ಲೈಸೆನ್ಸ್ ಜೊತೆಗೆ ಸರ್ಕಾರದ ವಾದ್ಯಗಳೂ ಹೋದವು. ಬ್ಯಾಂಡಿನಲ್ಲಿದ್ದ ಯೋಸೆಫ್ ಯಾನಿಚೆಕ್ ಮೊದಲು ಕಾರ್ ಮೆಕ್ಯಾನಿಕ್ ಆಗಿದ್ದವನು. ಹಳೇ ಟ್ರಾನ್ಸಿಸ್ಟರ್ ರೇಡಿಯೋ ಬಿಚ್ಚಿ ಆಂಪ್ಲಿಫೈಯರ್ ಮಾಡಿದನಂತೆ. (ಇಂಜಿನಿಯರಿಂಗ್ ಡಿಗ್ರಿ ಇಟ್ಟುಕೊಂಡ ನಾನು ಮನೆಯ ಮಿಕ್ಸಿ ರಿಪೇರಿ ಮಾಡಲಾರೆ.)

ಜಾಗಕ್ಕೇನು ಮಾಡೋದು? ಅವರ ಮಾರ್ಗದರ್ಶಕ ಇವಾನ್ ಯಿರೋಸ್ ಕಲಾ ಇತಿಹಾಸಕಾರ. ಆಂಡಿ ವಾರ್‌ಹೋಲ್ ಬಗ್ಗೆ ಉಪನ್ಯಾಸ ಅಂತ ಹೇಳಿ ಹಾಲ್ ಹಿಡೀತಿದ್ದ. ಒಂದಷ್ಟು ಸ್ಲೈಡ್ ತೋರಿಸಿ ಮುಗಿಸಿದರೆ, ಆಮೇಲೆ 'ಉದಾಹರಣೆ'ಗಾಗಿ ಬ್ಯಾಂಡು ಗಂಟೆಗಟ್ಟಲೆ ವೆಲ್ವೆಟ್ ಅಂಡರ್‌ಗ್ರೌಂಡ್ ಹಾಡುಗಳನ್ನು ನುಡಿಸೋದು! ಆ ದಾರಿಯೂ ಮುಚ್ಚಿದಾಗ ಹಳ್ಳಿಯ ಹೋಟೆಲು, ಮದುವೆ ಮನೆ.. ಎಲ್ಲಿ ಅಂತ ಬಾಯಿಂದ ಬಾಯಿಗೆ ಸುದ್ದಿ.

1974ರ ಮಾರ್ಚ್‌ನಲ್ಲಿ ಚೆಸ್ಕೆ ಬುದೇಯೊವಿತ್ಸೆ ಊರಿನ ಹತ್ತಿರ ಹೀಗೇ ಒಂದು ಕಾರ್ಯಕ್ರಮ. ಪ್ರಾಗ್‌ನಿಂದ ರೈಲಲ್ಲಿ ಹೋದ ನೂರಾರು ಹುಡುಗರನ್ನು ಪೊಲೀಸರು ಸ್ಟೇಷನ್ನಿನ ಸುರಂಗದೊಳಗೆ ತಳ್ಳಿ ಬಡಿದು, ವಾಪಸ್ ರೈಲು ಹತ್ತಿಸಿದರು. ಎರಡು ವರ್ಷದ ಮೇಲೆ, ಯಿರೋಸ್‌ನ ಮದುವೆಯಲ್ಲಿ ಹಾಡಿದ ಬೆನ್ನಲ್ಲೇ ಸಾಮೂಹಿಕ ಬಂಧನ. 1976ರ ಸೆಪ್ಟೆಂಬರ್‌ನಲ್ಲಿ ಪ್ರಾಗ್ ಕೋರ್ಟು ನಾಲ್ವರಿಗೆ ಶಿಕ್ಷೆ ಕೊಟ್ಟಿತು. ಯಿರೋಸ್‌ಗೆ 18 ತಿಂಗಳು, ಸ್ಯಾಕ್ಸೊಫೋನ್ ಊದೋ ಬ್ರಾಬೆನೆಟ್ಸ್‌ಗೆ 8. ಆರೋಪ ಏನು ಗೊತ್ತಾ? ಶಾಂತಿಭಂಗ!

ವಿಚಾರಣೆ ನೋಡಲು ಬಂದವರಲ್ಲಿ ನಾಟಕಕಾರ ವಾಕ್ಲಾವ್ ಹಾವೆಲ್ ಒಬ್ಬರು. ಅಲ್ಲಿಂದ ಕೆಲವೇ ತಿಂಗಳಲ್ಲಿ, 1977ರ ಜನವರಿಯಲ್ಲಿ, ಸರ್ಕಾರದ ನಿದ್ದೆ ಕೆಡಿಸಿದ ಚಾರ್ಟರ್ 77 ಹೊರಬಂತು. ಉದ್ದ ಕೂದಲಿನ ಹುಡುಗರನ್ನು ಮುಟ್ಟಿದರೆ ಯಾರು ಕೇಳ್ತಾರೆ ಅಂದುಕೊಂಡಿದ್ದರೇನೋ. ಆಮೇಲೆ ಬ್ಯಾಂಡಿಗೆ ಹಾಡಲು ಹಾವೆಲ್‌ರ ಹಳ್ಳಿಮನೆಯೇ ಸಿಕ್ಕಿತು.

ತಮಾಷೆ ಅಂದರೆ, ಪ್ರಾಗ್ ಮಧ್ಯದ ಲುಸೆರ್ನಾ ಹಾಲ್ ಕಟ್ಟಿಸಿದ್ದು ಇದೇ ಹಾವೆಲ್‌ರ ತಾತ. ಕಮ್ಯುನಿಸ್ಟರ ಕಾಲದಲ್ಲಿ ಅದು ಸರ್ಕಾರದ ಪಾಲಾಗಿತ್ತು. 1965ರಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ಅಲ್ಲಿ ನುಡಿಸಿದ್ದರು. ಅಮೆರಿಕದವರಿಗೆ ಬಾಗಿಲು ತೆರೆದಿತ್ತು, ಊರಿನ ಹುಡುಗರಿಗೆ ಕೆಲವೇ ವರ್ಷದಲ್ಲಿ ಮುಚ್ಚಿತು.

1989ರ ನಂತರದ್ದು ನಿಮಗೂ ಗೊತ್ತಿರಬಹುದು. ಹಾವೆಲ್ ಅಧ್ಯಕ್ಷರಾದರು. 1994ರಲ್ಲಿ ಕ್ಲಿಂಟನ್‌ರನ್ನು ರೆದುತಾ ಜಾಝ್ ಕ್ಲಬ್‌ಗೆ ಕರೆದೊಯ್ದು ಸ್ಯಾಕ್ಸೊಫೋನ್ ಉಡುಗೊರೆ ಕೊಟ್ಟು ಊದಿಸಿದರು. 1997ರಲ್ಲಿ, ಚಾರ್ಟರಿಗೆ 20 ತುಂಬಿದಾಗ, ಪ್ಲಾಸ್ಟಿಕ್ ಪೀಪಲ್ ಮತ್ತೆ ಒಂದಾದರು. ಒಸ್ತ್ರವಾದಲ್ಲಿ ಕಬ್ಬಿಣದ ಕಾರ್ಖಾನೆಯ ಗ್ಯಾಸ್ ಟ್ಯಾಂಕೇ 2012ರಲ್ಲಿ ಕಛೇರಿ ಹಾಲ್ ಆಗಿದೆಯಂತೆ, ಅದನ್ನಿನ್ನೂ ನೋಡಿಲ್ಲ.

ಮುಂದಿನ ಶನಿವಾರಕ್ಕೆ ಚೆಸ್ಕೆ ಬುದೇಯೊವಿತ್ಸೆಗೆ ಟಿಕೆಟ್ ತಗೊಂಡಿದ್ದೀನಿ. ಅಲ್ಲಿನ ಬಿಯರ್ ಚೆನ್ನಾಗಿರುತ್ತೆ ಅಂತ ಟೀಮಿನವರೆಲ್ಲ ಜೊತೆಗೆ ಹೊರಟಿದ್ದಾರೆ. ನಾನು ಮಾತ್ರ ರೈಲಿಳಿದ ಮೇಲೆ ಸ್ವಲ್ಪ ಹೊತ್ತು ಸ್ಟೇಷನ್ನಿನಲ್ಲೇ ಇರ್ತೀನಿ ಅಂತ ಹೇಳಿಟ್ಟಿದ್ದೀನಿ.