ಸೂಲೂರಿನ ಸದ್ದು, ಪೈಲಟ್ಟರ ಕಿವಿ



ಸೂಲೂರು, ಸೋಮನೂರು, ಪಲ್ಲಡಂ ಕಡೆಯವರಿಗೆ ಸದ್ದು ಎಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ನೆಲದ ಮೇಲೆ ವಿದ್ಯುತ್ ಮಗ್ಗ, ತಲೆಯ ಮೇಲೆ ವಾಯುಪಡೆಯ ವಿಮಾನ. ನಾವು ಗದ್ದಲ ಎನ್ನುವುದನ್ನು ಪಕ್ಕದ ಮನೆಯವರು ತಮಿಳಿನಲ್ಲಿ ಇರೈಚ್ಚಲ್ ಎನ್ನುತ್ತಾರೆ. ಮಗ್ಗದ ಶೆಡ್ಡಿನೊಳಗೆ ನಿಂತು ಹೇಳಿದರೆ ಎರಡೂ ಕೇಳಿಸುವುದಿಲ್ಲ! ಅಂಥ ಗದ್ದಲದ ನಡುವೆ ಆಕಾಶದಲ್ಲಿ ಕುಳಿತವರು ಮನುಷ್ಯನ ಮಾತನ್ನು ಹೇಗೆ ಕೇಳಿಸಿಕೊಳ್ಳಲು ಕಲಿತರು, ಅದಕ್ಕೆಂದು ಅವರು ತಲೆಗೆ ಹಾಕಿಕೊಳ್ಳುವ ಹೆಡ್‌ಸೆಟ್ಟಿನ ಚರಿತ್ರೆ ಏನು ಎಂಬುದನ್ನು ಈ ಹೊತ್ತು ನಿಮ್ಮ ಮುಂದೆ ಇಡುತ್ತೇನೆ.

ಮೊದಲು ನಮ್ಮ ಊರಿನ ಮಾತು. ಸೂಲೂರಿನ ವಿಮಾನನೆಲೆ ಎರಡನೆಯ ಮಹಾಯುದ್ಧದ ಕಾಲದ್ದು. 1945ರಲ್ಲಿ ಬ್ರಿಟಿಷ್ ನೌಕಾದಳ ಅದನ್ನು ‘ವೈರಿ’ ಎಂಬ ಹೆಸರಿನಲ್ಲಿ ನಡೆಸಿತು. ಕನ್ನಡದಲ್ಲಿ ವೈರಿ ಎಂದರೆ ಹಗೆ. ಇದೇನು ಹೆಸರು ಎಂದು ನೀವು ಕೇಳಬಹುದು. ನೌಕಾದಳದವರು ತಮ್ಮ ವಿಮಾನನೆಲೆಗಳಿಗೆ ಹಕ್ಕಿಗಳ ಹೆಸರಿಡುತ್ತಿದ್ದರು. ಕೊಯಮತ್ತೂರಿನಲ್ಲಿ ವಿಮಾನ ದುರಸ್ತಿ ಮಾಡುತ್ತಿದ್ದ ಅವರ ಇನ್ನೊಂದು ಠಾಣೆಗೆ ‘ಗರುಡ’ ಎಂಬ ಹೆಸರಿತ್ತು. ತಮಿಳಿನಲ್ಲಿ ವೈರಿ ಎಂಬುದು ಬೇಟೆಯಾಡುವ ಒಂದು ಹಕ್ಕಿಗೂ ಹೆಸರು. ನಮ್ಮ ಕನ್ನಡದ ಬೈರಿ ಹಕ್ಕಿ ಇದರ ಒಡಹುಟ್ಟು. ಎರಡು ಭಾಷೆ ಬಲ್ಲವರಿಗೆ ಮಾತ್ರ ಸಿಗುವ ಲಾಭ ಇದು.

ಯುದ್ಧ ಮುಗಿದ ಮೇಲೆ ನೆಲೆ ನಮ್ಮ ವಾಯುಪಡೆಗೆ ಬಂತು. ಬೆಂಗಳೂರಿನಲ್ಲಿ ತಯಾರಾಗಿ, 1992ರಲ್ಲಿ ಮೊದಲ ಬಾರಿ ಹಾರಿದ ಧ್ರುವ ಹೆಲಿಕಾಪ್ಟರಿನ ಆಟ ತೋರಿಸುವ ‘ಸಾರಂಗ್’ ತಂಡಕ್ಕೆ ಸೂಲೂರೇ ಮನೆಯಾಯಿತು. 2016ರಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡ ಮೊದಲ ತೇಜಸ್ ದಳ 2018ರಲ್ಲಿ ಇಲ್ಲಿಗೆ ಬಂತು, ಎರಡನೆಯದು 2020ರ ಮೇ ತಿಂಗಳಲ್ಲಿ ಇಲ್ಲೇ ಕಾರ್ಯಾರಂಭ ಮಾಡಿತು. ಕನ್ನಡನಾಡಿನಲ್ಲಿ ಹುಟ್ಟಿ ತಮಿಳುನಾಡಿನಲ್ಲಿ ಬಾಳುವುದರಲ್ಲಿ ಅವು ನಮ್ಮ ಹಾಗೆಯೇ ಎಂದರೆ ತಪ್ಪಾಗದು.

ಈಗ ಹಿಂದಕ್ಕೆ ಹೋಗೋಣ. ಆರಂಭದ ವಿಮಾನಗಳಿಗೆ ಮಾಡಿರಲಿಲ್ಲ, ಗಾಜಿರಲಿಲ್ಲ. ಗುರು ಮುಂದೆ, ಶಿಷ್ಯ ಹಿಂದೆ. ನಡುವೆ ಗಾಳಿಯ ಮತ್ತು ಎಂಜಿನ್ನಿನ ಅಬ್ಬರ. ಗುರು ಏನು ಹೇಳಬೇಕಾದರೂ ಕೈಸನ್ನೆ ಮಾಡಬೇಕಿತ್ತು. 1917ರಲ್ಲಿ ಇಂಗ್ಲೆಂಡಿನ ಗಾಸ್‌ಪೋರ್ಟ್‌ನಲ್ಲಿ ತರಬೇತಿ ಶಾಲೆ ನಡೆಸುತ್ತಿದ್ದ ಸ್ಮಿತ್ ಬ್ಯಾರಿ ಎಂಬ ಅಧಿಕಾರಿ ಒಂದು ಉಪಾಯ ಜಾರಿಗೆ ತಂದ. ಗುರುವಿನ ಬಾಯಿಯಿಂದ ಶಿಷ್ಯನ ಕಿವಿಗೆ ಒಂದು ರಬ್ಬರ್ ಕೊಳವೆ, ಅಷ್ಟೆ. ವಿದ್ಯುತ್ತಿಲ್ಲ, ತಂತಿಯಿಲ್ಲ. ಎರಡನೆಯ ಯುದ್ಧದಲ್ಲಿ ಟೈಗರ್ ಮಾತ್ ವಿಮಾನದಲ್ಲಿ ಹಾರಲು ಕಲಿತ ಸಾವಿರಾರು ಮಂದಿ ಗುರುವಿನ ಬೈಗುಳವನ್ನು ಈ ಕೊಳವೆಯಲ್ಲೇ ಕೇಳಿದರು.

ರೇಡಿಯೋ ಬಂದ ಮೇಲೆ ಕಿವಿಗೆ ಹೆಡ್‌ಫೋನ್ ಬಂತು. ಆದರೆ ಎಂಜಿನ್ನಿನ ಸದ್ದು ಹಾಗೆಯೇ ಉಳಿಯಿತು. ಮಾತು ಕೇಳಬೇಕೆಂದು ಧ್ವನಿ ಏರಿಸಿದರೆ ಕಿವಿಗೆ ಎರಡು ಹೊಡೆತ, ಎಂಜಿನ್ನಿನದೊಂದು, ರೇಡಿಯೋದ್ದೊಂದು. ಎಷ್ಟೋ ಹಳೆಯ ಪೈಲಟ್ಟರು ನಿವೃತ್ತರಾಗುವಷ್ಟರಲ್ಲಿ ಅರೆಗಿವುಡರಾಗಿದ್ದರು. 1970ರ ದಶಕದಲ್ಲಿ ಅಮೆರಿಕದ ಡೇವಿಡ್ ಕ್ಲಾರ್ಕ್ ಕಂಪನಿ ಕಿವಿಯನ್ನು ಪೂರ್ತಿ ಮುಚ್ಚುವ ಬಟ್ಟಲಿನ ಹೆಡ್‌ಸೆಟ್ಟನ್ನು ಸಣ್ಣ ವಿಮಾನಗಳವರಿಗೆ ತಂದಿತು. ಅದು ಬಿಗಿ, ಭಾರ, ಆದರೂ ವರವೇ ಸರಿ.

ಸದ್ದನ್ನು ತಡೆಯುವುದಲ್ಲ, ಸದ್ದಿನಿಂದಲೇ ಸದ್ದನ್ನು ಕೊಲ್ಲುವುದು ಎಂಬ ವಿಚಾರ ಇದಕ್ಕಿಂತ ಹಳೆಯದು. ಜರ್ಮನಿಯ ಪಾಲ್ ಲ್ಯೂಗ್ ಎಂಬಾತನಿಗೆ 1936ರಲ್ಲಿ ಅಮೆರಿಕದಲ್ಲಿ ಇದರ ಪೇಟೆಂಟ್ ಸಿಕ್ಕಿತು. ಕೆರೆಗೆ ಎರಡು ಕಲ್ಲು ಎಸೆದು ನೋಡಿ. ಒಂದರ ಅಲೆಯ ಏರು ಇನ್ನೊಂದರ ಇಳಿತಕ್ಕೆ ಸರಿಯಾಗಿ ಸಿಕ್ಕಿದ ಕಡೆ ನೀರು ಸಮತಟ್ಟಾಗಿ ನಿಲ್ಲುತ್ತದೆ. ಸದ್ದೂ ಗಾಳಿಯ ಅಲೆಯೇ ತಾನೆ? ಬಟ್ಟಲಿನೊಳಗೆ ಒಂದು ಪುಟ್ಟ ಮೈಕ್ ಇಟ್ಟು, ಒಳಬಂದ ಸದ್ದನ್ನು ಕೇಳಿಸಿಕೊಂಡು, ಅದರ ತದ್ವಿರುದ್ಧ ಅಲೆಯನ್ನು ಅದೇ ಕ್ಷಣದಲ್ಲಿ ಸ್ಪೀಕರಿನಿಂದ ಹೊರಡಿಸಿದರೆ ಎರಡೂ ಅಳಿಸಿಹೋಗಬೇಕು. ಲ್ಯೂಗನ ಕಾಲದ ವಾಲ್ವುಗಳಿಂದ ಕಿವಿಯೊಳಗೆ ಅದು ಆಗುವ ಕೆಲಸವಾಗಿರಲಿಲ್ಲ.

1978ರಲ್ಲಿ ಜೂರಿಕ್‌ನಿಂದ ಬಾಸ್ಟನ್‌ಗೆ ಹೊರಟ ವಿಮಾನದಲ್ಲಿ ಅಮರ್ ಬೋಸ್ ಎಂಬ ಪ್ರಾಧ್ಯಾಪಕರು ಕುಳಿತಿದ್ದರು. ಬಂಗಾಳದಿಂದ ಅಮೆರಿಕಕ್ಕೆ ಹೋದ ಸ್ವಾತಂತ್ರ್ಯ ಹೋರಾಟಗಾರರೊಬ್ಬರ ಮಗ. ವಿಮಾನದವರು ಕೊಟ್ಟ ಹೆಡ್‌ಫೋನಿನಲ್ಲಿ ಎಂಜಿನ್ನಿನ ಗುಂಯ್‌ಗುಟ್ಟುವಿಕೆಯ ಹೊರತು ಸಂಗೀತ ಕೇಳದೆ, ಇಳಿಯುವುದರೊಳಗೆ ಲೆಕ್ಕ ಹಾಕಿ ಮುಗಿಸಿದರು. ಮುಂದೆ 1986ರ ಡಿಸೆಂಬರಿನಲ್ಲಿ ಡಿಕ್ ರುಟಾನ್ ಮತ್ತು ಜೀನಾ ಯೇಗರ್ ‘ವಾಯೇಜರ್’ ವಿಮಾನದಲ್ಲಿ ಎಲ್ಲೂ ಇಳಿಯದೆ, ಇಂಧನ ತುಂಬಿಸದೆ, 9 ದಿನಗಳಲ್ಲಿ ಭೂಮಿಯನ್ನು ಸುತ್ತಿದಾಗ ಅವರ ಕಿವಿ ಕಾಪಾಡಲು ಬೋಸ್ ಕಂಪನಿಯ ಮಾದರಿ ಹೆಡ್‌ಸೆಟ್ ಇತ್ತು. 1989ರಲ್ಲಿ ಅದು ಮಾರುಕಟ್ಟೆಗೆ ಬಂತು. ಜರ್ಮನಿಯ ಸೆನ್‌ಹೈಸರ್ ಕಂಪನಿಯೂ ಲುಫ್ತಾನ್ಸಾ ಪೈಲಟ್ಟರಿಗಾಗಿ ಅದೇ ದಶಕದಲ್ಲಿ ಇದೇ ಕೆಲಸ ಮಾಡುತ್ತಿತ್ತು.

ಕಿವಿಗೆ ಒಂದು ಮಾತು ತಪ್ಪಿದರೆ ಏನಾಗುತ್ತದೆ? 1977ರ ಮಾರ್ಚ್ 27ರಂದು ಟೆನೆರೀಫ್ ದ್ವೀಪದಲ್ಲಿ ಮಂಜು ಕವಿದಿತ್ತು. ರನ್‌ವೇ ಮೇಲೆ ಎರಡು ದೊಡ್ಡ ವಿಮಾನಗಳು. ಗೋಪುರದ ಅಧಿಕಾರಿಯೂ ಇನ್ನೊಂದು ವಿಮಾನದವರೂ ಒಂದೇ ಕ್ಷಣದಲ್ಲಿ ಮಾತನಾಡಿದರು. ಓಡಲಾರಂಭಿಸಿದ್ದ ವಿಮಾನದ ಪೈಲಟ್ಟನ ಕಿವಿಗೆ ಬಿದ್ದದ್ದು ಬರಿಯ ಕೀರಲು ಸದ್ದು. ಬೇರೆ ಕಾರಣಗಳೂ ಕೂಡಿಕೊಂಡವು, 583 ಜನ ಸತ್ತರು. ಎಂಥ ಹೆಡ್‌ಸೆಟ್ಟೂ ಆ ದಿನ ಅವರನ್ನು ಉಳಿಸುತ್ತಿರಲಿಲ್ಲ, ನಿಜ. ಆದರೆ ಅರ್ಧ ಕೇಳಿದ ಮಾತಿನ ಬೆಲೆ ಎಷ್ಟೆಂದು ಲೋಕಕ್ಕೆ ತಿಳಿದದ್ದು ಅಂದು.

ಹೆಡ್‌ಸೆಟ್ ಆರಿಸುವವರು ಏನು ನೋಡಬೇಕು? ತೇಜಸ್ ಓಡಿಸುವವರಿಗೆ ಇವೆಲ್ಲ ಹೆಲ್ಮೆಟ್ಟಿನೊಳಗೇ ಇರುತ್ತವೆ. ಇದು ಸಣ್ಣ ವಿಮಾನದವರ ಪ್ರಶ್ನೆ. ಎಲೆಕ್ಟ್ರಾನಿಕ್ ಉಪಾಯ ಡೋಲಿನಂಥ ಕೆಳದನಿಯನ್ನು ಚೆನ್ನಾಗಿ ಅಳಿಸುತ್ತದೆ, ತಾಳದಂಥ ಮೇಲುದನಿಯನ್ನಲ್ಲ. ಅದನ್ನು ತಡೆಯುವುದು ಬಟ್ಟಲು ಮತ್ತು ಅದರ ಮೆತ್ತೆಯೇ. ಆದ್ದರಿಂದ ನನ್ನ ಮಟ್ಟಿಗೆ ಮೊದಲು ನೋಡಬೇಕಾದದ್ದು ಮೆತ್ತೆ. ಕನ್ನಡಕದ ಕಡ್ಡಿ ದಪ್ಪಗಿದ್ದರೆ ಮೆತ್ತೆ ಕಿವಿಗೆ ಕೂರುವುದಿಲ್ಲ, ಆ ಸಂದಿನಲ್ಲೇ ಸದ್ದು ನುಗ್ಗುತ್ತದೆ. ಮತ್ತೆ, ಬ್ಯಾಟರಿ ಸತ್ತರೂ ಮಾತು ಕೇಳುತ್ತಿರಬೇಕು. ಕೊಳ್ಳುವ ಮುಂಚೆ ಬ್ಯಾಟರಿ ತೆಗೆದು ಪರೀಕ್ಷಿಸುವುದು ಲೇಸು.

ಜೋಡಿಸುವಾಗ, ಸಣ್ಣ ವಿಮಾನಕ್ಕೆ ಸಾಮಾನ್ಯವಾಗಿ ಎರಡು ಪ್ಲಗ್ಗು: ದಪ್ಪನೆಯದು ಕಿವಿಗೆ, ತೆಳ್ಳನೆಯದು ಮೈಕಿಗೆ. ಅನೇಕ ಹೆಲಿಕಾಪ್ಟರುಗಳಲ್ಲಿ ಎರಡಕ್ಕೂ ಸೇರಿ ಒಂದೇ. ಮಿಲಿಟರಿಯ ಹಳೆಯ ಮೈಕನ್ನು ನಾಗರಿಕ ವಿಮಾನಕ್ಕೆ ಸಿಕ್ಕಿಸಿದರೆ ಧ್ವನಿ ಸರಿಬಾರದು, ವಿದ್ಯುತ್ ಲೆಕ್ಕವೇ ಬೇರೆ. ಬ್ಯಾಟರಿ ಬೇಡ, ವಿಮಾನದಿಂದಲೇ ವಿದ್ಯುತ್ ಬೇಕೆಂದರೆ ಫಲಕಕ್ಕೆ ಆರು ಪಿನ್ನಿನ ಸಾಕೆಟ್ ಹಾಕಿಸಬೇಕು. ಅದು ಪರವಾನಗಿ ಪಡೆದ ಎಂಜಿನಿಯರರ ಕೆಲಸ, ಪುಸ್ತಕದಲ್ಲಿ ದಾಖಲಾಗಬೇಕು. ಮೈಕ್ ತುಟಿಯ ಅಂಚಿಗೆ ಬೆರಳಗಲಕ್ಕಿಂತ ಹತ್ತಿರ ಇರಬೇಕು. ಅದಕ್ಕೆ ಎರಡು ಕಡೆಯೂ ಬಾಯಿ. ಎಂಜಿನ್ ಸದ್ದು ಎರಡು ಕಡೆಯಿಂದಲೂ ನುಗ್ಗಿ ಅಳಿಯುತ್ತದೆ, ಮಾತು ಒಂದೇ ಕಡೆಯಿಂದ ಹೋಗಿ ಉಳಿಯುತ್ತದೆ.

ಸದ್ದೇ ಇಲ್ಲದಿದ್ದರೆ ಎಂಜಿನ್ ಕೆಟ್ಟದ್ದು ತಿಳಿಯುವುದು ಹೇಗೆ ಎಂದು ಹಳೆಯ ಪೈಲಟ್ಟರು ಗೊಣಗಿದ್ದುಂಟು. ಅದು ಪೂರ್ತಿ ಸುಳ್ಳಲ್ಲ. ಎಚ್ಚರಿಕೆಯ ಗಂಟೆಗಳು ಇಂಥ ಹೆಡ್‌ಸೆಟ್ಟಿನಲ್ಲಿ ಕೇಳದೇ ಹೋಗಬಹುದೆಂದು ಅಮೆರಿಕದ ವಿಮಾನಯಾನ ಆಡಳಿತವೇ 2007ರಲ್ಲಿ ತಿಳಿಹೇಳಿತು. ನಮ್ಮ ನೇಕಾರರೂ ಹೀಗೆಯೇ ಹೇಳುತ್ತಾರಲ್ಲವೆ, ಕಿವಿ ಮುಚ್ಚಿದರೆ ಮಗ್ಗದ ತಾಳ ತಪ್ಪಿದ್ದು ಗೊತ್ತಾಗದೆಂದು?

ಕಾರ್ಖಾನೆ ನಿಯಮದ ಪ್ರಕಾರ 90 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು, 95 ಆದರೆ 4 ಗಂಟೆ, 100 ಆದರೆ 2 ಗಂಟೆ. ಲಾಳಿ ಹೊಡೆಯುವ ಮಗ್ಗಗಳ ಶೆಡ್ಡು 90ನ್ನು ಸಲೀಸಾಗಿ ದಾಟುತ್ತದೆ. ಮನೆಯ ಹಿಂದಿನ ನಾಲ್ಕು ಮಗ್ಗದ ಶೆಡ್ಡಿಗೆ ಈ ನಿಯಮ ತಲುಪುವುದೇ ಇಲ್ಲ. ಬೋಸರ ದುಬಾರಿ ಹೆಡ್‌ಸೆಟ್ಟು ಅಲ್ಲಿ ಬೇಡ. ಲಾಳಿಯ ಏಟು ಥಟ್ಟನೆ ಬಂದು ಹೋಗುವ ಮೇಲುದನಿ, ಎಲೆಕ್ಟ್ರಾನಿಕ್ ಅದನ್ನು ಹಿಡಿಯಲಾರದು. ಬ್ಯಾಟರಿಯಿಲ್ಲದ ಬರಿಯ ಬಟ್ಟಲಿನ ಕಿವಿಗವುಸು ಸಾಕು. ಲಾಳಿಯ ತಾಳ ಅದರೊಳಗೂ ಮೆಲ್ಲಗೆ ಕೇಳುತ್ತದೆ, ತಪ್ಪಿದರೆ ಗೊತ್ತಾಗುತ್ತದೆ. ಬೇಕಿದ್ದರೆ ಒಂದು ವಾರ ಹಾಕಿ ನೋಡಿ. ಮೆತ್ತೆ ಬೆವರಿಗೆ ಗಟ್ಟಿಯಾದಾಗ ಬದಲಾಯಿಸುವುದನ್ನು ಮಾತ್ರ ಮರೆಯಬೇಡಿ.