ಕಂದಾಯ ಕಟ್ಟುವುದು

ಯುಗಾದಿಯ ಮಧ್ಯಾಹ್ನ ಹೋಳಿಗೆ ಊಟ ಮುಗಿದ ಮೇಲೆ ನಮ್ಮ ಮನೆಯ ಪಡಸಾಲೆಯಲ್ಲಿ ಹೊಸ ಪಂಚಾಂಗ ಬಿಚ್ಚುತ್ತಿದ್ದರು. ಅಜ್ಜಿಗೆ ಓದು ಬರುತ್ತಿರಲಿಲ್ಲ. ಆದರೆ ಪಂಚಾಂಗದಲ್ಲಿ ಯಾವುದಾದ ಮೇಲೆ ಯಾವುದು ಬರುತ್ತದೆಂದು ಚೆನ್ನಾಗಿ ಗೊತ್ತಿತ್ತು. ಮಳೆ ಬೆಳೆ ಆಯಿತು, ರಾಶಿಗಳ ಆಯ-ವ್ಯಯ ಆಯಿತು ಅನ್ನುವ ಹೊತ್ತಿಗೆ, ಗೋಡೆಗೆ ಒರಗಿದ್ದವಳು ನೆಟ್ಟಗೆ ಕೂತು "ಇನ್ನು ಕಂದಾಯ ಓದು, ರೋಹಿಣೀದು ಮೊದಲು ನೋಡು" ಅನ್ನುತ್ತಿದ್ದಳು. ಅಪ್ಪ ಆ ನಕ್ಷತ್ರದ ಮೂರು ಅಂಕಿ ಓದುತ್ತಿದ್ದರು. ಬೆಸ ಬಂದರೆ ಧನಲಾಭ, ಸಮ ಬಂದರೆ ಸಮಫಲ, ಸೊನ್ನೆ ಬಂದರೆ ಕಷ್ಟ. ಸೊನ್ನೆ ನಡುವಿನ ಕಂದಾಯಕ್ಕೆ ಬಿದ್ದಿದ್ದರೆ ಅಜ್ಜಿ ಅಲ್ಲೇ ತೀರ್ಮಾನ ಮಾಡುತ್ತಿದ್ದಳು: "ಶ್ರಾವಣದಿಂದ ಕಾರ್ತಿಕದ ತನಕ ಕೈ ಬಿಗಿ ಹಿಡೀಬೇಕು."

ಆ ಅಂಕಿಗಳಲ್ಲಿ ನನಗೆ ನಂಬಿಕೆಯಿಲ್ಲ. ವರ್ಷದ ಮೊದಲ ದಿನವೇ ಮುಂದಿನ ಹನ್ನೆರಡು ತಿಂಗಳನ್ನು ಮೂರು ಪಾಲು ಮಾಡಿ, ಯಾವ ಪಾಲಿನಲ್ಲಿ ಕೈ ಖಾಲಿಯಾದೀತು ಎಂದು ಕೇಳುವ ಅಜ್ಜಿಯ ಅಭ್ಯಾಸದಲ್ಲಿ ಮಾತ್ರ ಪೂರ್ತಿ ನಂಬಿಕೆ ಇದೆ.

ಸರ್ಕಾರಕ್ಕೆ ಸಲ್ಲಿಸುವ ಹಣದ ಹೆಸರು ಪಂಚಾಂಗಕ್ಕೆ ಯಾಕೆ ಬಂತು ಎಂಬ ಪ್ರಶ್ನೆ ಬಹುಕಾಲ ನನ್ನ ಜೊತೆಗಿತ್ತು. ಪಂಚಾಂಗದಲ್ಲಿ ಚೈತ್ರದಿಂದ ಆಷಾಢದವರೆಗೆ ಮೊದಲ ಕಂದಾಯ, ಶ್ರಾವಣದಿಂದ ಕಾರ್ತಿಕ ಎರಡನೆಯದು, ಮಾರ್ಗಶಿರದಿಂದ ಫಾಲ್ಗುಣ ಮೂರನೆಯದು. ಅಂದರೆ ಕಂದಾಯ ಎಂದರೆ ನಾಲ್ಕು ತಿಂಗಳು. ತೆಲುಗಿನ ಪಂಚಾಂಗಗಳಲ್ಲೂ ಹೀಗೇ ಇದೆ. ತಮಿಳಿನಲ್ಲಿ ಇದೇ ಪದಕ್ಕೆ ತೆರಿಗೆ ಎಂಬ ಅರ್ಥವೂ ಉಂಟು, ವರ್ಷದ ಮೂರರಲ್ಲೊಂದು ಭಾಗ ಎಂಬ ಅರ್ಥವೂ ಉಂಟು. ಕೊಡಬೇಕಾದ ಹಣ, ಅದನ್ನು ಕೊಡುವ ಅವಧಿ, ಎರಡಕ್ಕೂ ದಕ್ಷಿಣದ ಜನ ಒಂದೇ ಪದ ಬಳಸಿದ್ದಾರೆ. ಕಂದಾಯದಲ್ಲಿ ಕಾಲ ಕೂತಿದೆ. ಆ ಕಾಲವನ್ನು ಇಂದಿನ ನಾವು ಮರೆತಿದ್ದೇವೆ. ಇಲಾಖೆ, ಕಚೇರಿ, ರಸೀದಿ ಇಷ್ಟೇ ನೆನಪಿನಲ್ಲಿ ಉಳಿದಿವೆ.

ತೆರಿಗೆಗೆ ಕನ್ನಡದಲ್ಲಿ ಪದಗಳಿಗೆ ಬರವಿಲ್ಲ. ಶಾಸನಗಳಲ್ಲಿ ಸಿದ್ಧಾಯವಿದೆ, ಸುಂಕವಿದೆ, ಮಗ್ಗಕ್ಕೆ ಮಗ್ಗದೆರೆ, ಗಾಣಕ್ಕೆ ಗಾಣದೆರೆ ಇವೆ. ಸಣ್ಣಪುಟ್ಟ ತೆರಿಗೆಗಳನ್ನು ಒಟ್ಟಾಗಿ ಕಿರುಕುಳ ಎಂದು ಕರೆದದ್ದೂ ಉಂಟು. ಇಂದು ಕಿರುಕುಳ ಎಂದರೆ ಪೀಡನೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೇನು ಫಲ ಎಂದು ಹಳ್ಳಿಯವರು ಇಂದಿಗೂ ಕೇಳುತ್ತಾರೆ. ಜನ ಪಟ್ಟ ಪಾಡು ಇಂಥ ಮಾತುಗಳಲ್ಲಿ ಉಳಿದಿದೆ.

ಪದಕ್ಕಿಂತಲೂ ಅದರ ಜೊತೆ ಬರುವ ಕ್ರಿಯಾಪದ ನನಗೆ ಮುಖ್ಯವಾಗಿ ಕಾಣುತ್ತದೆ. ತೆರಿಗೆ ಎಂಬುದರ ಬೇರು 'ತೆರು'. ದಂಡ ತೆತ್ತ, ಬೆಲೆ ತೆತ್ತ, ಪ್ರಾಣ ತೆತ್ತ ಎನ್ನುತ್ತೇವೆ. ಮನಸ್ಸಿಲ್ಲದೆ, ಬೇರೆ ದಾರಿ ಕಾಣದೆ ಕೈಬಿಡುವುದು ತೆರುವುದು. ಆದರೆ ಕಂದಾಯವನ್ನು ಆಡುಮಾತಿನಲ್ಲಿ ಯಾರೂ ತೆರುವುದಿಲ್ಲ, ಕಟ್ಟುತ್ತಾರೆ. ಮಕ್ಕಳ ಫೀಸು ಕಟ್ಟುತ್ತೇವೆ, ಕರೆಂಟ್ ಬಿಲ್ಲು ಕಟ್ಟುತ್ತೇವೆ, ಸಾಲದ ಕಂತು ಕಟ್ಟುತ್ತೇವೆ. ಮನೆ ಕಟ್ಟುವುದೂ, ಪ್ರಯಾಣಕ್ಕೆ ಬುತ್ತಿ ಕಟ್ಟುವುದೂ, ಸೆರಗಿನ ತುದಿಯಲ್ಲಿ ದುಡ್ಡಿನ ಗಂಟು ಕಟ್ಟುವುದೂ ಇದೇ ಕಟ್ಟು. ನಾಳೆ ಬೇಕಾಗುವುದನ್ನು ಇವತ್ತೇ ಒಂದುಗೂಡಿಸಿ ಬಿಗಿದಿಡುವ ಕೆಲಸ ಈ ಎಲ್ಲದರಲ್ಲೂ ಇದೆ.

ನಮ್ಮ ಅಜ್ಜಿ ಕಂದಾಯವನ್ನು ನಿಜವಾಗಿಯೂ ಕಟ್ಟುತ್ತಿದ್ದಳು. ರಾಗಿ ಮಾರಿದ ದಿನ ಒಂದಿಷ್ಟು, ಹಾಲಿನ ದುಡ್ಡು ಬಂದಾಗ ಒಂದಿಷ್ಟು, ಬಟ್ಟೆಯ ತುಂಡಿನಲ್ಲಿ ಗಂಟು ಹಾಕಿ ಕಾಳಿನ ಮಡಕೆಯೊಳಗೆ ಇಡುತ್ತಿದ್ದಳು. ಜಾತ್ರೆಗೆಂದು ಕಾಸು ಕೇಳಿದರೆ "ಅದು ಕಂದಾಯದ್ದು ಕಣೋ, ಮುಟ್ಟಬೇಡ" ಅನ್ನುತ್ತಿದ್ದಳು. ಪಂಚಾಯಿತಿಯ ಬಿಲ್ ಕಲೆಕ್ಟರ್ ಬಾಗಿಲಲ್ಲಿ ನಿಂತು "ಅಮ್ಮಾ, ಮನೆ ಕಂದಾಯ, ನೀರಿನ ಕಂದಾಯ" ಎಂದರೆ "ಬಾರಪ್ಪ, ಕೂತ್ಕೋ, ಮಜ್ಜಿಗೆ ಕುಡಿ" ಎಂದು ಕೂರಿಸಿ ಒಳಗೆ ಹೋಗಿ ಗಂಟು ತರುತ್ತಿದ್ದಳು. ಅದೇ ಮನುಷ್ಯ ಬಂದ ಸುದ್ದಿ ಕೇಳಿ ಹಿತ್ತಲ ಬಾಗಿಲಿನಿಂದ ಹೊಲಕ್ಕೆ ಹೋಗುವ ಮನೆಗಳೂ ನಮ್ಮ ಬೀದಿಯಲ್ಲಿದ್ದವು. ಅವರಿಗೆ ಅಜ್ಜಿಗಿಂತ ಹೆಚ್ಚು ಜಮೀನಿತ್ತು. ಆಕೆಗಿದ್ದದ್ದು ಗಂಟು. ಕಟ್ಟಿದ ರಸೀದಿಗಳನ್ನು ಅಪ್ಪ ಗೋಡೆಯ ಮೇಲಿನ ಬಾಗಿದ ತಂತಿಗೆ ಚುಚ್ಚುತ್ತಿದ್ದರು. ವರ್ಷಗಳು ಕಳೆದಂತೆ ಆ ತಂತಿ ಭಾರವಾಗುತ್ತಾ ಹೋಯಿತು.

ಮುಂದಾಲೋಚನೆ ಇದ್ದ ಮಾತ್ರಕ್ಕೆ ಎಲ್ಲರೂ ಕಂದಾಯ ಕಟ್ಟಬಲ್ಲರು ಎಂದು ಹೇಳಿದರೆ ಅದು ಅನ್ಯಾಯದ ಮಾತಾಗುತ್ತದೆ. ಕೇಳುವವನೂ ರೈತನ ಕಾಲ ನೋಡಿ ಕೇಳಬೇಕು. 1834ರಲ್ಲಿ ಕಂಪನಿ ಸರ್ಕಾರ ಕೊಡಗನ್ನು ನುಂಗಿ, ಅಮರ ಸುಳ್ಯ, ಪುತ್ತೂರಿನ ಸೀಮೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಕೊಡಗಿನ ಅರಸರ ಕಾಲದಲ್ಲಿ ಅಲ್ಲಿನವರು ಕಂದಾಯವನ್ನು ಬೆಳೆಯ ರೂಪದಲ್ಲಿ ಸಲ್ಲಿಸಬಹುದಿತ್ತು. ಕಂಪನಿ ನಗದೇ ಬೇಕೆಂದಿತು. ಬೆಳೆ ಕೊಡುವವನಿಗೆ ಸುಗ್ಗಿ ಆದರೆ ಸಾಕು. ನಗದು ಕೊಡಬೇಕಾದವನು ಸುಗ್ಗಿಯಾದೊಡನೆ, ಎಲ್ಲರೂ ಮಾರುವ ಹೊತ್ತಿನಲ್ಲೇ, ಸಿಕ್ಕ ಬೆಲೆಗೆ ಮಾರಬೇಕು, ಇಲ್ಲವೇ ಸಾಲಕ್ಕೆ ಕೈಯೊಡ್ಡಬೇಕು. ಆ ಸಿಟ್ಟು ಬೇರೆ ಕಾರಣಗಳ ಜೊತೆ ಸೇರಿ ಹೊತ್ತಿಕೊಂಡಿತು. 1837ರ ಏಪ್ರಿಲ್ 5ರಂದು ಬಂಡೆದ್ದವರ ದಂಡು ಮಂಗಳೂರಿಗೆ ನುಗ್ಗಿ ಬಾವುಟಗುಡ್ಡೆಯಲ್ಲಿ ತನ್ನ ಬಾವುಟ ಏರಿಸಿತು. ಎರಡು ವಾರದ ಹತ್ತಿರ ಊರು ಅವರ ಕೈಯಲ್ಲಿತ್ತು. ಮುಂದಾಳಿನ ಹೆಸರಿನಲ್ಲಿ ಕಲ್ಯಾಣಪ್ಪನ ಕಾಟಕಾಯಿ ಎಂದು ಜನ ಇಂದಿಗೂ ಹೇಳುವ ಬಂಡಾಯ ಇದೇ. ಕಂದಾಯದಿಂದ ರೈತನ ಕಾಲವನ್ನು ಕಿತ್ತು ಹಾಕಿದ್ದರಿಂದ ಅದು ತೆರುವ ತೆರಿಗೆಯಾಯಿತು ಎಂದೇ ನಾನು ಇದನ್ನು ಓದುತ್ತೇನೆ.

ಕಂದಾಯ ಎಂಬ ಇದೇ ಪದ ಆಸೆಯಾಗಿ ನಿಂತ ಜಾಗಗಳೂ ಇವೆ. ಲಂಬಾಣಿ ತಾಂಡಾ, ಗೊಲ್ಲರಹಟ್ಟಿ, ಹಾಡಿಗಳ ಜನ ತಲೆಮಾರುಗಳಿಂದ ಒಂದೇ ಕಡೆ ಬದುಕಿದ್ದರೂ ಆ ನೆಲೆಗಳು ದಾಖಲೆಯಲ್ಲಿ ಊರುಗಳೇ ಆಗಿರಲಿಲ್ಲ. ಅವರು ಕೇಳಿದ್ದು 'ಕಂದಾಯ ಗ್ರಾಮ' ಎಂಬ ಹೆಸರು. ಆ ಹೆಸರು ಬಂದರೆ ಮನೆಗೆ ಹಕ್ಕುಪತ್ರ, ಹಕ್ಕುಪತ್ರ ಬಂದರೆ ಬ್ಯಾಂಕಿನ ಸಾಲ. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ, ಐದು ಜಿಲ್ಲೆಗಳ ಐವತ್ತು ಸಾವಿರಕ್ಕೂ ಹೆಚ್ಚು ತಾಂಡಾ ಕುಟುಂಬಗಳಿಗೆ ಹಕ್ಕುಪತ್ರ ಕೊಡುವ ಕಾರ್ಯಕ್ರಮ ನಡೆಯಿತು. ಕಂದಾಯ ಕಟ್ಟುವವನಿಗೆ ಊರಿದೆ, ವಿಳಾಸವಿದೆ. ಪಟ್ಟಣ ಸೇರಿ, ಕಂದಾಯದ ನೋಟಿಸು ಕಂಡರೆ ಮುಖ ಗಂಟಿಕ್ಕುವ ನಮಗೆ ಈ ಆಸೆ ಸುಲಭಕ್ಕೆ ಅರ್ಥವಾಗುವುದಿಲ್ಲ.

ಪಟ್ಟಣದ ಕಡೆ ಬಂದರೆ, 2025ರ ಜುಲೈ ನೆನಪಾಗುತ್ತದೆ. ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿಗಳಿಗೆ ವಾಣಿಜ್ಯ ತೆರಿಗೆಯ ನೋಟಿಸುಗಳು ಬಂದವು. ಯುಪಿಐ ಮೂಲಕ ಬಂದ ಹಣದ ಲೆಕ್ಕ ತೆಗೆದು, ವಹಿವಾಟು ಮಿತಿ ಮೀರಿದರೂ ಜಿಎಸ್‌ಟಿ ನೋಂದಣಿ ಮಾಡಿಸಿಲ್ಲ ಎಂದು ಸಾವಿರಾರು ಮಂದಿಯನ್ನು ಕೇಳಿದ್ದರು. ಎಷ್ಟೋ ಅಂಗಡಿಗಳ ಮುಂದಿನ ಕ್ಯೂಆರ್ ಕೋಡ್ ಮಾಯವಾಗಿ, ನಗದು ಮಾತ್ರ ಎಂಬ ಚೀಟಿ ಬಂತು. ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ನೋಂದಣಿ ಮಾಡಿಸಬೇಕು ಎಂದು ಮುಖ್ಯಮಂತ್ರಿ ಹೇಳಿದ ಮೇಲೆ ಬಿಸಿ ಇಳಿಯಿತು.

ಆ ವಾರ ನಾನು ದಿನಾ ಟೀ ಕುಡಿಯುವ ಅಂಗಡಿಯವರ ಮುಖ ನೋಡಲಾಗುತ್ತಿರಲಿಲ್ಲ. "ಸಾರ್, ಬೆಳಿಗ್ಗೆ ನಾಲ್ಕಕ್ಕೆ ಎದ್ದು ಮಾಡೋ ವ್ಯಾಪಾರ. ಯಾರೂ ಮೊದಲೇ ಹೇಳಲಿಲ್ಲವಲ್ಲ" ಅಂದರು. ಅವರ ಮಾತಿನಲ್ಲಿ ಹುರುಳಿದೆ. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ದಾಟಿದರೆ ನೋಂದಣಿ ಬೇಕು ಎಂಬುದನ್ನು ಕ್ಯೂಆರ್ ಫಲಕ ಅಂಟಿಸಿದ ದಿನವೇ ಯಾರಾದರೂ ಕನ್ನಡದಲ್ಲಿ ಹೇಳಬೇಕಿತ್ತು. ರಾಜಿ ತೆರಿಗೆ ಎಂಬ ಪದ್ಧತಿ ಇದೆ. ವಹಿವಾಟು ಒಂದೂವರೆ ಕೋಟಿಯೊಳಗಿರುವ ಚಿಲ್ಲರೆ ಅಂಗಡಿ, ತೆರಿಗೆಗೆ ಒಳಪಡುವ ವಹಿವಾಟಿನ ಶೇ 1ರಷ್ಟನ್ನು ಮೂರು ತಿಂಗಳಿಗೊಮ್ಮೆ ಕಟ್ಟಿದರೆ ಮುಗಿಯಿತು. ವರ್ಷಕ್ಕೆ 50 ಲಕ್ಷದ ಅಂಥ ವ್ಯಾಪಾರಕ್ಕೆ 50 ಸಾವಿರ, ದಿನಕ್ಕೆ 137 ರೂಪಾಯಿ. ದಿನದ ಗಲ್ಲಾಪೆಟ್ಟಿಗೆಯಿಂದ 137 ರೂಪಾಯಿ ತೆಗೆದಿಡುವುದು ಕಷ್ಟವಲ್ಲ. ನಾಲ್ಕು ವರ್ಷದ್ದು ಬಡ್ಡಿ, ದಂಡದ ಜೊತೆ ಒಂದೇ ಕಾಗದದಲ್ಲಿ ಬಂದರೆ ಎದೆ ಒಡೆಯುತ್ತದೆ.

ನಮ್ಮ ಮನೆಯಲ್ಲೂ ಹೀಗೇ ಆಯಿತು. ನನ್ನ ಅಣ್ಣನ ಮಗಳು ಕಂಪನಿ ಕೆಲಸ ಬಿಟ್ಟು ಮನೆಯಿಂದಲೇ ಎರಡು ಮೂರು ಸಂಸ್ಥೆಗಳಿಗೆ ಕೆಲಸ ಮಾಡಿಕೊಡುತ್ತಾಳೆ. ಸಂಬಳದವರಿಗೆ ಕಂಪನಿಯೇ ತಿಂಗಳು ತಿಂಗಳು ತೆರಿಗೆ ಮುರಿದುಕೊಳ್ಳುತ್ತದೆ. ಅವರ ಗಂಟನ್ನು ಬೇರೆಯವರು ಕಟ್ಟುತ್ತಾರೆ. ಇವಳಿಗೆ ಹಣ ಬರುವಾಗ ಶೇ 10 ಮಾತ್ರ ಮುರಿಯುತ್ತಿದ್ದರು. ಅಲ್ಲಿಗೆ ಮುಗಿಯಿತೆಂದು ತಿಳಿದಿದ್ದಳು. ಮೊದಲ ವರ್ಷದ ಜುಲೈನಲ್ಲಿ ರಿಟರ್ನ್ ಸಲ್ಲಿಸಲು ಕೂತಾಗ ಬಾಕಿ, ಮೇಲೆ ತಿಂಗಳಿಗೆ ಶೇ 1ರ ಬಡ್ಡಿ. "ಚಿಕ್ಕಪ್ಪ, ಖಾತೇಲಿ ಅಷ್ಟು ದುಡ್ಡೇ ಇಲ್ಲ" ಎಂದು ಫೋನಿನಲ್ಲಿ ಅತ್ತಳು.

ಮುಂಗಡ ತೆರಿಗೆಯ ನಿಯಮ ಅವಳಿಗೆ ಯಾರೂ ಹೇಳಿರಲಿಲ್ಲ. ಮುರಿದುಕೊಂಡದ್ದು ಕಳೆದು ವರ್ಷಕ್ಕೆ 10 ಸಾವಿರ ಅಥವಾ ಹೆಚ್ಚು ಬಾಕಿ ಬರುವವರು ವರ್ಷ ಮುಗಿಯುವುದರೊಳಗೇ ಕಂತುಗಳಲ್ಲಿ ಕಟ್ಟಬೇಕು. ಜೂನ್ 15ಕ್ಕೆ ಶೇ 15, ಸೆಪ್ಟೆಂಬರ್ 15ರೊಳಗೆ ಒಟ್ಟು 45, ಡಿಸೆಂಬರ್ 15ರೊಳಗೆ 75, ಮಾರ್ಚ್ 15ಕ್ಕೆ ಪೂರ್ತಿ. ಅಂದಾಜು ಆದಾಯದ ಪದ್ಧತಿ ಆರಿಸಿಕೊಂಡವರಿಗೆ ಮಾರ್ಚ್ 15ರ ಒಂದೇ ಕಂತು. ಅರವತ್ತು ದಾಟಿ, ವ್ಯಾಪಾರ ವೃತ್ತಿಯ ಆದಾಯ ಇಲ್ಲದವರಿಗೆ ಈ ಕಟ್ಟುಪಾಡಿಲ್ಲ. ಇವನ್ನು ಅವಳಿಗೆ ವಿವರಿಸುವಾಗ ನನ್ನ ಕಣ್ಣ ಮುಂದಿದ್ದದ್ದು ಪಂಚಾಂಗದ ಆ ಮೂರು ಅಂಕಿಗಳು.

ಈಗ ಅವಳು ಬಂದ ಹಣದಲ್ಲಿ ಇಂತಿಷ್ಟು ಪಾಲನ್ನು ಅಂದೇ ಬೇರೆ ಖಾತೆಗೆ ಹಾಕುತ್ತಾಳೆ. ಆ ಖಾತೆಗೆ ಫೋನಿನಲ್ಲಿ 'ಗಂಟು' ಎಂದು ಹೆಸರಿಟ್ಟಿದ್ದಾಳೆ. ಅಜ್ಜಿಯನ್ನು ಅವಳು ನೋಡಿದವಳಲ್ಲ. ಕಳೆದ ಯುಗಾದಿಗೆ ಬಂದಾಗ ಪಂಚಾಂಗದ ಕೊನೆಯ ಖಾಲಿ ಪುಟದಲ್ಲಿ ನಾಲ್ಕು ತಾರೀಖು ಬರೆದುಕೊಟ್ಟಳು. ಅವುಗಳ ಕೆಳಗೆ ನಾನು ಇನ್ನೊಂದು ಸೇರಿಸಿದೆ: ಏಪ್ರಿಲ್ 30. ಬೆಂಗಳೂರಿನಲ್ಲಿ ಮನೆ ಕಂದಾಯವನ್ನು ಆ ತಿಂಗಳೊಳಗೆ ಪೂರ್ತಿ ಕಟ್ಟಿದವರಿಗೆ ಶೇ 5 ರಿಯಾಯಿತಿ ಸಿಗುತ್ತದೆ.

ನಿಮ್ಮ ಮನೆಯಲ್ಲೂ ಪಂಚಾಂಗವೋ ಗೋಡೆಯ ಕ್ಯಾಲೆಂಡರೋ ಇದ್ದೇ ಇರುತ್ತದೆ. ಈ ಐದು ತಾರೀಖುಗಳಲ್ಲಿ ನಿಮಗೆ ಸಲ್ಲುವುದರ ಸುತ್ತ ಇವತ್ತೇ ಒಂದು ಗುರುತು ಹಾಕಿ.